ಹೆರಿಗೆಯಾದ ಮೇಲೆ ರಕ್ತ ಹೆಪ್ಪುಗಟ್ಟುತ್ತಿಲ್ಲ, ರಾತ್ರಿ ಲ್ಯಾಬ್ ಇಲ್ಲ: ಏನು ಮಾಡೋದು?

ಪ್ರಶ್ನೆ (ನರ್ಸಿಂಗ್ ಆಫೀಸರ್, ಪಾವಗಡ ಕಡೆ):
ಮೇಡಂ, ನಮ್ಮಲ್ಲಿ ರಾತ್ರಿ ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಲ್ಯಾಬ್ ಪರೀಕ್ಷೆಗಳು) ಆಗಲ್ಲ. ಪ್ಯಾಕ್ಡ್ ಸೆಲ್ (ಕೆಂಪು ಕಣದ ಬ್ಯಾಗ್) ಬಿಟ್ಟರೆ ಬೇರೇನೂ ಸ್ಟಾಕ್ ಇರಲ್ಲ. ತುಮಕೂರು ಸುಮಾರು ನೂರು ಕಿಲೋಮೀಟರ್. ಪಿಪಿಹೆಚ್‌ನಲ್ಲಿ (ಹೆರಿಗೆ ನಂತರದ ಅತಿಯಾದ ರಕ್ತಸ್ರಾವದಲ್ಲಿ) ಗರ್ಭಕೋಶ ಗಟ್ಟಿಯಾದ ಮೇಲೂ ರಕ್ತ ನೀರಿನ ಹಾಗೆ ಹರೀತಾ ಇದ್ದರೆ ಹೆಪ್ಪುಗಟ್ಟುವ ತೊಂದರೆ ಅಂತ ಗೊತ್ತು ಮಾಡೋದು ಹೇಗೆ? 108 ಬರೋದರೊಳಗೆ ಏನೇನು ಆಗಬೇಕು?

ಉತ್ತರ (ಪ್ರಸೂತಿ ತಜ್ಞೆ, ತುಮಕೂರು):
ಸಿಸ್ಟರ್, ಹಾವು ಕಡಿದವರಿಗೆ ಮಾಡುವ ಗಾಜಿನ ಟ್ಯೂಬ್ ಪರೀಕ್ಷೆ ನಿಮ್ಮ ಕಡೆಯವರಿಗೆ ಹೊಸದಲ್ಲ. ಕೊಳಕುಮಂಡಲದ ಕೇಸಿಗೆ 20 ನಿಮಿಷ ಅಲ್ಲಾಡಿಸದೆ ಇಡ್ತೀರಿ. ಇಲ್ಲಿ ಅಷ್ಟು ಹೊತ್ತಿಲ್ಲ. ಡ್ರಿಪ್ ಇಲ್ಲದ ಕೈಯಿಂದ 2 ಮಿ.ಲೀ. ರಕ್ತ ತೆಗೆದು ಟ್ಯೂಬಿಗೆ ಬಿಡಿ, ಮುಷ್ಟಿಯೊಳಗೆ ಬೆಚ್ಚಗೆ ಹಿಡಿಯಿರಿ. 4 ನಿಮಿಷಕ್ಕೆ ನಿಧಾನವಾಗಿ ಓರೆ ಮಾಡಿ ನೋಡಿ, ಆಮೇಲೆ ನಿಮಿಷಕ್ಕೊಮ್ಮೆ. 7 ನಿಮಿಷವಾದರೂ ಗಡ್ಡೆ ಕಟ್ಟದಿದ್ದರೆ, ಕಟ್ಟಿದ್ದು ಸುಲಭಕ್ಕೆ ಒಡೆದು ಹೋದರೆ, ತೊಂದರೆ ಇದೆ ಅಂತಲೇ ಹೊರಡಿ.

ಟ್ಯೂಬು ಹೊಸದಾಗಿರಬೇಕು, ಒಣಗಿರಬೇಕು, ಗಾಜಿನದೇ ಆಗಬೇಕು. ಗಾಜು ತಗುಲಿದರೇನೇ ಹೆಪ್ಪುಗಟ್ಟುವ ಸರಪಳಿ ಶುರುವಾಗೋದು. ಸೋಪಿನ ಅಂಶ ಉಳಿದಿದ್ದರೆ ಅಥವಾ ಪ್ಲಾಸ್ಟಿಕ್ ಆದರೆ ಚೆನ್ನಾಗಿರುವ ರಕ್ತವೂ ಹೊತ್ತಿಗೆ ಕಟ್ಟದೇ ಇರಬಹುದು. ಇನ್ನೊಂದು, ಗಡ್ಡೆ ಕಟ್ಟಿತು ಅಂತ ನಿರಾಳ ಆಗಬೇಡಿ. ಫೈಬ್ರಿನೋಜೆನ್ (ಗಡ್ಡೆ ಕಟ್ಟಿಸುವ ರಕ್ತದ ಪ್ರೋಟೀನ್) ತೀರಾ ಕೆಳಗಿಳಿದ ಮೇಲಷ್ಟೇ ಈ ಪರೀಕ್ಷೆಯಲ್ಲಿ ತೊಂದರೆ ಕಾಣೋದು.

ಟ್ರಾನೆಕ್ಸಾಮಿಕ್ ಆಸಿಡ್ (ಕಟ್ಟಿದ ಗಡ್ಡೆ ಕರಗದಂತೆ ತಡೆಯುವ ಔಷಧಿ) ಕೊಡೋಕೆ ಈ ಪರೀಕ್ಷೆಗೂ ಕಾಯಬೇಡಿ. ಹೆರಿಗೆಯಾಗಿ 3 ಗಂಟೆಯೊಳಗೆ 1 ಗ್ರಾಂ, ಅಂದರೆ 500 ಮಿ.ಗ್ರಾಂನ ಎರಡು ಆಂಪ್ಯೂಲ್, 10 ಮಿ.ಲೀ., ನಿಮಿಷಕ್ಕೆ 1 ಮಿ.ಲೀ. ಲೆಕ್ಕದಲ್ಲಿ ನರಕ್ಕೆ. ಬೇಗ ತಳ್ಳಿದರೆ ಬಿಪಿ ಬೀಳುತ್ತೆ. 30 ನಿಮಿಷದ ಮೇಲೂ ನಿಲ್ಲದಿದ್ದರೆ ಇನ್ನೊಂದು ಗ್ರಾಂ. ಈ ಆಂಪ್ಯೂಲನ್ನು ಸ್ಪೈನಲ್ ಟ್ರೇ ಹತ್ತಿರ ಮಾತ್ರ ಇಡಬೇಡಿ, ಬುಪಿವಕೇನ್ (ಬೆನ್ನಿಗೆ ಕೊಡುವ ಅರಿವಳಿಕೆ) ಅಂದುಕೊಂಡು ಬೆನ್ನಿಗೆ ಕೊಟ್ಟು ಜೀವ ಹೋದದ್ದುಂಟು.

ಗರ್ಭಕೋಶ ಬಿಗಿ ಮಾಡುವ ಆಕ್ಸಿಟೋಸಿನ್ ಡ್ರಿಪ್, ಹರಿದ ಜಾಗಕ್ಕೆ ಹೊಲಿಗೆ, ಕಸದ (ಮಾಸಿನ) ಚೂರು ಉಳಿದಿದೆಯಾ ನೋಡೋದು, ಗರ್ಭಕೋಶವನ್ನು ಒಳಗಿನಿಂದ ಒತ್ತಿ ಹಿಡಿಯುವ ಕಾಂಡೋಮ್ ಬಲೂನ್ ಎಲ್ಲ ಜೊತೆಜೊತೆಗೇ ನಡೀಬೇಕು. ಸಲೈನನ್ನು ಬಾಟಲಿ ಮೇಲೆ ಬಾಟಲಿ ಓಡಿಸಬೇಡಿ. 2 ಲೀಟರ್ ದಾಟಿದರೆ ಉಳಿದಿರುವ ಫೈಬ್ರಿನೋಜೆನ್ನೂ ತೆಳುವಾಗುತ್ತೆ, ಮೈಯೂ ತಣ್ಣಗಾಗುತ್ತೆ.

ಮರುಪ್ರಶ್ನೆ (ಡ್ಯೂಟಿ ಡಾಕ್ಟರ್, ಮಧುಗಿರಿ):
ಎಫ್‌ಎಫ್‌ಪಿ (ಫ್ರೀಜರ್‌ನಲ್ಲಿಟ್ಟ ದಾನಿಯ ಪ್ಲಾಸ್ಮಾ) 4 ಬ್ಯಾಗ್ ಕೊಟ್ಟರೆ ಸಾಕಾಗಲ್ವಾ? ಕ್ರಯೋ (ಪ್ಲಾಸ್ಮಾದಿಂದ ಬೇರ್ಪಡಿಸಿದ, ಫೈಬ್ರಿನೋಜೆನ್ ಹೆಚ್ಚಿರುವ ಭಾಗ) ಬೇಕೇ ಬೇಕಾ?

ಉತ್ತರ (ರಕ್ತ ಕೇಂದ್ರದ ವೈದ್ಯರು):
ಡಾಕ್ಟರೇ, ತುಂಬು ಗರ್ಭಿಣಿಯ ಫೈಬ್ರಿನೋಜೆನ್ 400ರಿಂದ 600 ಮಿ.ಗ್ರಾಂ/ಡಿ.ಎಲ್. ಅದು 200ಕ್ಕಿಂತ ಇಳಿದರೆ ಕೇಸ್ ಕೈಮೀರುವ ಸೂಚನೆ. ಮಾಮೂಲಿ ಜನರಿಗೆ 200 ಸರಿಯಾದ್ದರಿಂದ ಲ್ಯಾಬ್ ರಿಪೋರ್ಟಿನಲ್ಲಿ 'ನಾರ್ಮಲ್' ಅಂತಲೇ ಬರುತ್ತೆ. ಎಷ್ಟೋ ಸಲ ಎಡವೋದು ಅಲ್ಲೇ. ಪಿಟಿ, ಎಪಿಟಿಟಿ ಕೂಡ ತಡವಾಗಿ ಕೆಡುತ್ತವೆ.

ದಾನಿಯ ಪ್ಲಾಸ್ಮಾದಲ್ಲೇ ಇರೋದು ಸುಮಾರು 200. ಹಾಗಾಗಿ ಎಷ್ಟೇ ಎಫ್‌ಎಫ್‌ಪಿ ಸುರಿದರೂ ಅದರ ಮೇಲಕ್ಕೆ ಏರಿಸಲಾಗದು. ಕ್ರಯೋದ ಒಂದು ಬ್ಯಾಗ್ 15–20 ಮಿ.ಲೀ. ಅಷ್ಟೇ, ಆದರೆ ಫೈಬ್ರಿನೋಜೆನ್ ಸಾಂದ್ರವಾಗಿರುತ್ತೆ. ದೊಡ್ಡವರಿಗೆ 10 ಬ್ಯಾಗ್ ಒಟ್ಟಿಗೆ ಕೇಳಿ. ಎಫ್‌ಎಫ್‌ಪಿ ಕೆ.ಜಿ.ಗೆ 15 ಮಿ.ಲೀ.: 50 ಕೆ.ಜಿ. ತಾಯಿಗೆ 750, ಅಂದರೆ 3–4 ಬ್ಯಾಗ್. ಪ್ಲೇಟ್‌ಲೆಟ್ 75 ಸಾವಿರಕ್ಕಿಂತ ಇಳಿದರೆ ತರಿಸಿ, 50 ಸಾವಿರದ ಕೆಳಗೆ ಹೋಗಲು ಬಿಡಬೇಡಿ.

ಕಾರಣ ಏನು ಅಂತ ಫೋನಿನಲ್ಲೇ ಹೇಳಿ. ಅಬ್ರಪ್ಷನ್ (ಹೆರಿಗೆಗೆ ಮೊದಲೇ ಕಸ ಗರ್ಭಕೋಶದಿಂದ ಬಿಡೋದು) ಆದರೆ ಹೊರಗೆ ರಕ್ತ ಕಾಣುವ ಮೊದಲೇ ಫೈಬ್ರಿನೋಜೆನ್ ಖರ್ಚಾಗಿರುತ್ತೆ, ಮೊದಲ ಆರ್ಡರಿನಲ್ಲೇ ಕ್ರಯೋ ಸೇರಲಿ. ಗರ್ಭಕೋಶ ಸೋತು ಆದ ಸ್ರಾವದಲ್ಲಿ ಹೆಪ್ಪುಗಟ್ಟುವ ಶಕ್ತಿ ಸಾಮಾನ್ಯವಾಗಿ ತಡವಾಗಿ ಕೆಡುತ್ತೆ. ಗಾಡಿ ಹೊರಡುವಾಗಲೇ ಕರೆ ಮಾಡಿ, ಫ್ರೀಜರ್‌ನಲ್ಲಿರುವ ಬ್ಯಾಗ್ ಕರಗಿಸೋಕೇ 37 ಡಿಗ್ರಿಯಲ್ಲಿ 20–30 ನಿಮಿಷ ಬೇಕು. ಕರಗಿದ ಕ್ರಯೋವನ್ನು ಫ್ರಿಜ್‌ಗೆ ಇಟ್ಟರೆ ಮತ್ತೆ ಗರಣೆ ಕಟ್ಟುತ್ತೆ. ಪ್ಲೇಟ್‌ಲೆಟ್ಟನ್ನು ಐಸ್ ಡಬ್ಬಿಗೆ ಹಾಕಲೇಬಾರದು.

ನರ್ಸಿಂಗ್ ಆಫೀಸರ್:
ಸರ್, ದಾರಿಯಲ್ಲಿ ಪ್ಯಾಕ್ಡ್ ಸೆಲ್ ಓಡ್ತಾ ಇರುತ್ತೆ. ಕ್ಯಾಲ್ಸಿಯಂ ಕೊಡಬೇಕಾ?

ರಕ್ತ ಕೇಂದ್ರದ ವೈದ್ಯರು:
ನಾಲ್ಕು ಬ್ಯಾಗ್ ದಾಟಿದರೆ ಹೌದು. ರಕ್ತ ಕಟ್ಟದಿರಲಿ ಅಂತ ಬ್ಯಾಗಿಗೆ ಹಾಕಿರುವ ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದುಬಿಡುತ್ತೆ, ಅದಿಲ್ಲದೆ ಹೆಪ್ಪುಗಟ್ಟದು, ಗರ್ಭಕೋಶವೂ ಬಿಗಿಯಾಗದು. 10% ಕ್ಯಾಲ್ಸಿಯಂ ಗ್ಲುಕೋನೇಟ್ 10 ಮಿ.ಲೀ., ನಿಧಾನವಾಗಿ, ಬೇರೆ ಲೈನಿನಲ್ಲಿ. ರಕ್ತದ ಲೈನಿಗೇ ಕೊಟ್ಟರೆ ಟ್ಯೂಬಿನೊಳಗೇ ಗಡ್ಡೆ ಕಟ್ಟುತ್ತೆ. ವಾರ್ಮರ್ ಇಲ್ಲ ಅಂತ ಬ್ಯಾಗನ್ನು ಬಿಸಿನೀರಿಗೆ ಇಳಿಸಬೇಡಿ, ಕೆಂಪು ಕಣ ಒಡೆಯುತ್ತೆ. ತಾಯಿಗೆ ಕಂಬಳಿ ಹೊದಿಸಿ, ಒದ್ದೆ ಬಟ್ಟೆ ತೆಗೆಸಿ.