ಮೊಳೆಯ ವಿದ್ಯುತ್ಕಾಂತ: ಸುತ್ತು ಜಾಸ್ತಿ ಮಾಡಿದ್ರೆ ಶಕ್ತಿ ಕಮ್ಮಿ ಆಯ್ತು, ಯಾಕೆ?

ಹತ್ತನೇ ಕ್ಲಾಸು, ತೀರ್ಥಹಳ್ಳಿ:
ನಾಲ್ಕಿಂಚಿನ ಮೊಳೆಗೆ 26 ಗೇಜ್ ವೈಂಡಿಂಗ್ ವೈರ್ 100 ಸುತ್ತು ಸುತ್ತಿ 9 ವೋಲ್ಟ್ ಬ್ಯಾಟರಿ ಕೊಟ್ರೆ ಐದು ಗುಂಡುಪಿನ್ ಎತ್ತುತ್ತೆ. ಇನ್ನೊಂದು ತುಂಡು ವೈರ್ ಜೋಡಿಸಿ ಅದರ ಮೇಲೇ ಮತ್ತೆ 100 ಸುತ್ತು ಹಾಕಿದ್ರೆ ಒಂದನ್ನೂ ಸರಿಯಾಗಿ ಹಿಡಿಯಲ್ಲ. ಬ್ಯಾಟರಿ ಮಾತ್ರ ಬಿಸಿ. ಮೊದಲ ಸಲ ಬ್ಯಾಟರಿ ತೆಗೆದ ಮೇಲೂ ಎರಡು ಪಿನ್ ಅಂಟಿಕೊಂಡೇ ಇದ್ವು. ಗೊತ್ತಿದ್ದವರು ಹೇಳಿ.

ಪಂಪ್‌ಸೆಟ್ ರಿಪೇರಿ, ಶಿವಮೊಗ್ಗ:
ಬ್ಯಾಟರಿ ಬಿಸಿ ಆಗ್ತಿದೆ ಅಂದ್ರೆ ಕರೆಂಟ್ ಹರೀತಿದೆ, ಜಾಯಿಂಟ್ ಸರಿ ಇದೆ. ಎರಡನೇ ಪದರ ಉಲ್ಟಾ ಸುತ್ತಿದ್ದೀಯ. ಮೊಳೆಯ ತಲೆ ಕಡೆಯಿಂದ ನೋಡಿದಾಗ ಎರಡೂ ಪದರ ಒಂದೇ ದಿಕ್ಕಿಗೆ ತಿರುಗಬೇಕು. ಸುತ್ತುತ್ತಾ ತಲೆಯಿಂದ ಚೂಪಿನ ಕಡೆಗೆ ಹೋದ್ರೂ ಸೈ, ವಾಪಸ್ ಬಂದ್ರೂ ಸೈ, ತಿರುಗೋ ದಿಕ್ಕು ಬದಲಾಗಬಾರದು. ಬದಲಾದ್ರೆ ಒಂದರ ಕಾಂತಕ್ಷೇತ್ರವನ್ನ ಇನ್ನೊಂದು ಹೊಡೆದುಹಾಕುತ್ತೆ.

ಬಿಚ್ಚೋದು ಬೇಡ ಮಾರಾಯ. ಮೇಲಿನ ಪದರದ ಎರಡು ತುದಿ ಅದಲುಬದಲು ಮಾಡು: ಜಾಯಿಂಟಲ್ಲಿ ಇರೋದನ್ನ ಬ್ಯಾಟರಿಗೆ, ಬ್ಯಾಟರಿಗೆ ಹೋಗಿರೋದನ್ನ ಜಾಯಿಂಟಿಗೆ. ತುದಿಗಳನ್ನ ಎರಡು ಸೆಂಟಿಮೀಟರ್ ಸ್ಯಾಂಡ್‌ಪೇಪರಲ್ಲಿ ಸುತ್ತಲೂ ಉಜ್ಜು. ವೈರ್ ಮೇಲಿನ ಕರೆಂಟ್ ತಡೆಯೋ ಲೇಪ, ಅಂದ್ರೆ ಎನಾಮಲ್ ಕೂಡ ತಾಮ್ರದ ಬಣ್ಣದ್ದೇ, ಹೋಯ್ತು ಅಂತ ಕಣ್ಣಿಗೆ ಮೋಸ ಆಗುತ್ತೆ.

ವಿಜ್ಞಾನ ಶಿಕ್ಷಕಿ, ಸಾಗರ:
ದಿಕ್ಕಿನ ಮಾತು ಸರಿ. ಈಗ ಬ್ಯಾಟರಿ. 6 ಮಿ.ಮೀ. ದಪ್ಪದ ಮೊಳೆಗೆ ಒಂದು ಸುತ್ತಿಗೆ ಸುಮಾರು 2 ಸೆಂ.ಮೀ. ವೈರ್ ಬೇಕು, 100 ಸುತ್ತಿಗೆ 2 ಮೀಟರ್. 26 ಗೇಜ್ ತಾಮ್ರದ ರೋಧ ಮೀಟರಿಗೆ ಸುಮಾರು 0.1 ಓಮ್, ಅಂದ್ರೆ ಒಟ್ಟು 0.2 ಓಮ್. ಇದು ಶಾರ್ಟ್ ಸರ್ಕ್ಯೂಟೇ. ಲೆಕ್ಕದಲ್ಲಿ 45 ಆಂಪಿಯರ್ ಬರುತ್ತೆ, ಆದರೆ ಆ ಪುಟ್ಟ ಬ್ಯಾಟರಿಯ ಒಳರೋಧ ಇದಕ್ಕಿಂತ ಎಷ್ಟೋ ಜಾಸ್ತಿ. ವೋಲ್ಟೇಜೆಲ್ಲ ಒಳಗೇ ಖರ್ಚಾಗಿ ಬ್ಯಾಟರಿ ಕಾಯುತ್ತೆ.

ಅದಕ್ಕಿಂತ ತೆಳುವಾದ 30 ಗೇಜ್ ವೈರ್ 400 ಸುತ್ತು ಹಾಕು. ಸುಮಾರು 9 ಮೀಟರ್, 2 ಓಮ್. ಎರಡು ದೊಡ್ಡ ಟಾರ್ಚ್ ಸೆಲ್ ಸರಣಿಯಲ್ಲಿ ಕೊಟ್ರೆ ಒಂದು ಆಂಪಿಯರ್ ಆಸುಪಾಸು. ಹತ್ತು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡೀಬೇಡ.

ಪರೀಕ್ಷೆಯಲ್ಲಿ ‘ಸುತ್ತು ಹೆಚ್ಚಾದರೆ ಬಲ ಹೆಚ್ಚು’ ಅಂತ ಎಲ್ಲರೂ ಬರೀತಾರೆ. ಕರೆಂಟ್ ಅಷ್ಟೇ ಇದ್ರೆ ಮಾತ್ರ ಅದು ನಿಜ. ವೋಲ್ಟೇಜ್ ಬದಲಾಗದೆ ಅದೇ ವೈರ್ ದುಪ್ಪಟ್ಟು ಸುತ್ತಿದ್ರೆ ರೋಧ ದುಪ್ಪಟ್ಟು, ಕರೆಂಟ್ ಅರ್ಧ. ಸುತ್ತನ್ನೂ ಕರೆಂಟನ್ನೂ ಗುಣಿಸಿದ್ರೆ ಮೊದಲಿನಷ್ಟೇ, ಬಲವೂ ಅಷ್ಟೇ.

ಮಳೆಗಾಲದಲ್ಲಿ ಮನೆಮನೆಗೂ ಇನ್ವರ್ಟರ್ ಇರುತ್ತೆ, ಅದರ ಬ್ಯಾಟರಿಗೆ ಮಾತ್ರ ಇದನ್ನ ಹಚ್ಚಬೇಡ. ಒಳರೋಧ ತೀರಾ ಕಮ್ಮಿ, ವೈರ್ ಕೆಂಪಗೆ ಕಾದು ಕೈ ಸುಡುತ್ತೆ.

ಪಂಪ್‌ಸೆಟ್ ರಿಪೇರಿ, ಶಿವಮೊಗ್ಗ:
ಪಿನ್ ಅಂಟಿಕೊಂಡಿದ್ದು ಮೊಳೆ ಗಟ್ಟಿ ಇರೋದಕ್ಕೆ. ಸುರುಳಿ ತೆಗೆದು, ರಾತ್ರಿ ಬಚ್ಚಲೊಲೆಯ ಕೆಂಡದಲ್ಲಿ ಮೊಳೆ ಕೆಂಪಾಗೋವರೆಗೆ ಕಾಯಿಸಿ ಬೂದಿಯಲ್ಲೇ ಬಿಡು. ದೊಡ್ಡವರು ಜೊತೆಗಿರಲಿ. ನಿಧಾನ ತಣಿದ್ರೆ ಕಬ್ಬಿಣ ಮೆದು ಆಗುತ್ತೆ. ನೀರಿಗೆ ಅದ್ದಿದ್ರೆ ಕೆಲಸ ಕೆಟ್ಟಿತು. ಸತು ಲೇಪಿಸಿದ ಮೊಳೆ ಬೇಡ, ಹೊಗೆ ವಿಷ.

ಹತ್ತನೇ ಕ್ಲಾಸು, ತೀರ್ಥಹಳ್ಳಿ:
ಮೊಳೆ ಬದಲು ಸೆಂಟ್ರಿಂಗ್ ಕಟ್ಟೋ ಬೈಂಡಿಂಗ್ ವೈರ್ ಆಗುತ್ತಾ?

ವಿಜ್ಞಾನ ಶಿಕ್ಷಕಿ, ಸಾಗರ:
ಮೊಳೆಗಿಂತ ಒಳ್ಳೇದು, ಅದು ಮೊದಲೇ ಕಾಯಿಸಿ ಮೆದು ಮಾಡಿದ್ದು. ಹತ್ತು ಸೆಂ.ಮೀ. ತುಂಡುಗಳನ್ನ ನೆಟ್ಟಗೆ ಮಾಡಿ ಪೆನ್ಸಿಲ್ ದಪ್ಪಕ್ಕೆ ಕಂತೆ ಕಟ್ಟಿ, ಒಂದು ಸುತ್ತು ಕಾಗದ ಹಾಕಿ ಅದರ ಮೇಲೆ ವೈರ್ ಸುತ್ತು. ತುದಿ ಸಮ ಇರಲಿ, ಅರದಿಂದ ತುಕ್ಕು ತೆಗಿ. ತುಕ್ಕಿನ ಪದರ ನಡುವೆ ಬಂದ್ರೆ ಪಿನ್ ಅಷ್ಟು ದೂರ ನಿಂತ ಹಾಗೆ.