ಲೋಜ್ಬಾನ್: ‘ಫಿ’ ಬಂದ ಮೇಲೆ ‘ಮಿ’ ಎಷ್ಟನೆಯ ಸ್ಥಾನಕ್ಕೆ ಸೇರುತ್ತದೆ?

ಉಡುಪಿಯ ಓದುಗ:
ತರ್ಕಬದ್ಧವಾಗಿರಲೆಂದು ರೂಪಿಸಿದ ಕೃತಕ ಭಾಷೆಯಾದ ಲೋಜ್ಬಾನ್‌ನಲ್ಲಿ, ಹೋಗುವುದೆಂಬ ಅರ್ಥದ ‘ಕ್ಲಾಮಾ’ ಎಂಬ ಪದಕ್ಕೆ ಐದು ಸ್ಥಾನಗಳಿದ್ದು, ಹೋಗುವವರು, ತಲುಪುವ ಊರು, ಹೊರಟ ಊರು, ದಾರಿ, ವಾಹನ ಎಂಬ ಕ್ರಮದಲ್ಲಿ ಅವು ಬರುತ್ತವೆ. ಹಾಗಾಗಿ ‘ಮಿ ಕ್ಲಾಮಾ ಲಾ ಮಂಗಳೂರುಸ್ ಲಾ ಉಡುಪಿಸ್’ ಎಂದರೆ ನಾನು ಉಡುಪಿಯಿಂದ ಮಂಗಳೂರಿಗೆ ಹೋಗುತ್ತೇನೆ ಎಂದಾಯಿತು. ಹೆಸರುಗಳು ವ್ಯಂಜನದಲ್ಲಿ ಮುಗಿಯಬೇಕೆಂಬ ನಿಯಮಕ್ಕಾಗಿ ನಮ್ಮ ಊರುಗಳಿಗೆ ‘ಸ್’ ಅಂಟಿಸಿದ್ದೇನೆ. ಹೊರಟ ಊರನ್ನು ಮೊದಲು ಹೇಳುವುದು ನನಗೆ ರೂಢಿಯಾದ್ದರಿಂದ, ಮೂರನೆಯ ಸ್ಥಾನವನ್ನು ಸೂಚಿಸುವ ‘ಫಿ’ ಬಳಸಿ ‘ಫಿ ಲಾ ಉಡುಪಿಸ್ ಮಿ ಕ್ಲಾಮಾ ಲಾ ಮಂಗಳೂರುಸ್’ ಎಂದು ಬರೆದೆ. ಗೆಳೆಯರೊಬ್ಬರು ಇದನ್ನು ತಪ್ಪೆನ್ನುತ್ತಾರೆ. ಏಕೆ?

ಪದಚ್ಛೇದ:
ವಾಕ್ಯರಚನೆ ತಪ್ಪಲ್ಲ, ಅರ್ಥ ಮಾತ್ರ ನೀವು ಬಯಸಿದ್ದಲ್ಲ. 1997ರಲ್ಲಿ ಪ್ರಕಟವಾದ ಜಾನ್ ಕೋವನ್ ಅವರ ವ್ಯಾಕರಣಗ್ರಂಥದ ಪ್ರಕಾರ, ‘ಫಿ’ಯಂಥ ಗುರುತುಪದ ಹೊತ್ತ ನಾಮಪದದ ನಂತರ ಗುರುತಿಲ್ಲದೆ ಬರುವುದು ಅದರ ಮುಂದಿನ ಸ್ಥಾನಕ್ಕೆ ಸೇರುತ್ತದೆ. ‘ಫಿ’ ಮೂರನೆಯದಾದ್ದರಿಂದ ‘ಮಿ’ ನಾಲ್ಕನೆಯದಾಗಿ ದಾರಿಯಾಯಿತು, ಮಂಗಳೂರು ಐದನೆಯದಾಗಿ ವಾಹನವಾಯಿತು. ಯಾರೋ ಉಡುಪಿಯಿಂದ ಹೊರಟು, ನಿಮ್ಮ ಮೂಲಕ ಹಾದು, ಮಂಗಳೂರನ್ನೇರಿ ಹೋಗುತ್ತಿದ್ದಾರೆ! ‘ಮಿ’ಯ ಮುಂದೆ ‘ಫಾ’ ಇಟ್ಟರೆ ಎಣಿಕೆ ಒಂದಕ್ಕೆ ಮರಳುತ್ತದೆ. ಆಗ ಮಂಗಳೂರು ಬೇರೆ ಗುರುತಿಲ್ಲದೆಯೇ ಎರಡನೆಯ ಸ್ಥಾನಕ್ಕೆ ಬರುತ್ತದೆ.

ಕರಾವಳಿಯ ಕಲಿಕ:
ನಿಯಮ ಹಾಗಿದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಅದು ಒಳ್ಳೆಯ ನಿಯಮವೆಂದು ಒಪ್ಪಲಾರೆ. ಗುರುತಿಲ್ಲದವು ಖಾಲಿ ಉಳಿದ ಸ್ಥಾನಗಳನ್ನು ಮೊದಲಿನಿಂದ ತುಂಬುತ್ತ ಹೋಗಲಿ ಎಂದಿದ್ದರೆ ಪ್ರಶ್ನೆ ಕೇಳಿದವರ ವಾಕ್ಯವೇ ಸರಿಯಾಗುತ್ತಿತ್ತು. ವಿಭಕ್ತಿಯ ಭಾಷೆಯಲ್ಲಿ ಬೆಳೆದ ನಾವು ‘ಉಡುಪಿಯಿಂದ’ ಎಂಬುದನ್ನು ಎಲ್ಲಿಟ್ಟರೂ ಉಳಿದ ಪದಗಳ ಸಂಬಂಧ ಕದಲುವುದಿಲ್ಲ.

ಪದಚ್ಛೇದ:
ತಮ್ಮ ಸಲಹೆಯಂತೆ ನಡೆದರೆ, ಈಗಾಗಲೇ ತುಂಬಿದ ಸ್ಥಾನಗಳ ಪಟ್ಟಿಯನ್ನು ಕೇಳುಗ ತಲೆಯಲ್ಲಿ ಇಟ್ಟುಕೊಂಡೇ ಇರಬೇಕಾಗುತ್ತದೆ. ಈಗಿನ ನಿಯಮದಲ್ಲಿ ಕೊನೆಯ ಸಂಖ್ಯೆಯೊಂದು ನೆನಪಿದ್ದರೆ ಸಾಕು. ವಿಭಕ್ತಿಯ ಹೋಲಿಕೆಯೂ ನನಗೆ ಸರಿಯೆನಿಸದು. ‘ಮಂಗಳೂರಿಗೆ ಹೋದೆ’, ‘ನಿನಗೆ ಕೊಟ್ಟೆ’ ಎಂಬೆರಡರಲ್ಲೂ ನಮಗೆ ಚತುರ್ಥಿಯೇ ಬರುತ್ತದೆ. ಲೋಜ್ಬಾನ್‌ನಲ್ಲಾದರೋ ‘ಕ್ಲಾಮಾ’ದ ತಲುಪುವ ಊರು ಎರಡನೆಯದು, ಕೊಡುವುದೆಂಬ ಅರ್ಥದ ‘ದುಂದಾ’ದಲ್ಲಿ ಪಡೆಯುವವರು ಮೂರನೆಯವರು. ಆದ್ದರಿಂದ ‘ಫಿ’ ಒಂದೆಡೆ ‘ಇಂದ’ ಆಗಿ, ಇನ್ನೊಂದೆಡೆ ‘ಗೆ’ ಆಗಿ ತೋರುತ್ತದೆ. ಅದು ಹೇಳುವುದು ಕ್ರಮಸಂಖ್ಯೆಯನ್ನು ಮಾತ್ರ, ಕಾರಕವನ್ನಲ್ಲ.

ಹಳೆಯ ವಿದ್ಯಾರ್ಥಿನಿ, ಮಂಗಳೂರು:
ಕನ್ನಡದಲ್ಲಿ ಪದಕ್ರಮಕ್ಕೆ ಬೆಲೆಯೇ ಇಲ್ಲವೆಂಬಂತೆ ಮಾತು ಸಾಗಿದೆ. ‘ಹಾವು ಕಪ್ಪೆ ನುಂಗಿತು’ ಎಂಬಲ್ಲಿ ‘ಅನ್ನು’ ಪ್ರತ್ಯಯ ಎಲ್ಲಿದೆ? ಮೊದಲು ಬಂದದ್ದೇ ನುಂಗಿದ್ದೆಂದು ನಾವು ತಿಳಿಯುತ್ತೇವೆ. ‘ಕಪ್ಪೆ ಹಾವು ನುಂಗಿತು’ ಎಂದರೆ ನಗು ಬರುತ್ತದೆ. ‘ಕಪ್ಪೆಯನ್ನು ಹಾವು ನುಂಗಿತು’ ಎಂದೊಡನೆ ಕ್ರಮದ ಹಂಗು ತಪ್ಪುತ್ತದೆ. ಇನ್ನು ಪ್ರಶ್ನೆಯ ವಿಷಯಕ್ಕೆ ಬಂದರೆ, ಹೊರಟ ಊರನ್ನು ಮುಂದಕ್ಕೆ ತರಲು ‘ಫಿ’ಯೊಂದೇ ದಾರಿಯಲ್ಲ. ‘ಲಾ ಉಡುಪಿಸ್ ತೆ ಕ್ಲಾಮಾ’ ಎಂದರೆ ‘ತೆ’ ಒಂದನೆಯ ಮತ್ತು ಮೂರನೆಯ ಸ್ಥಾನಗಳನ್ನು ಅದಲುಬದಲು ಮಾಡುತ್ತದೆ. ಆಮೇಲೆ ‘ಲಾ ಮಂಗಳೂರುಸ್ ಮಿ’ ಎಂದು ಸೇರಿಸಿದರೆ ಸಾಕು, ಬೇರಾವ ಗುರುತೂ ಬೇಡ.

ಉಡುಪಿಯ ಓದುಗ:
ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಮೂಲ್ಕಿಯ ಮೇಲೆ ಕಾರಿನಲ್ಲಿ ಹೋಗುವುದನ್ನು ‘ಫಿ ಲಾ ಉಡುಪಿಸ್ ಫಾ ಮಿ ಕ್ಲಾಮಾ ಲಾ ಮಂಗಳೂರುಸ್ ಫೊ ಲಾ ಮೂಲ್ಕಿಸ್ ಲೆ ಕಾರ್ಶೆ’ ಎನ್ನಬಹುದೇ? ‘ಫೊ’ ನಾಲ್ಕನೆಯದಾದ್ದರಿಂದ ಕಾರಿಗೆ ಗುರುತು ಹಾಕಿಲ್ಲ.

ಪದಚ್ಛೇದ:
ಎನ್ನಬಹುದು. ಮಂಗಳೂರು ಈ ಸಲ ವಾಹನವಾಗಲಿಲ್ಲ.