ಶ್ವಾಸಕೋಶದ ಸಾರದಲ್ಲಿ ಕಾಣುವ ಪಿ110 ಡೆಲ್ಟಾ ಯಾವ ಕೋಶದ್ದು?

ಪ್ರಶ್ನೆ — ಸಂಶೋಧನಾ ವಿದ್ಯಾರ್ಥಿನಿ

ನಮಸ್ಕಾರ. ಇಲಿಯ ಬೇರೆ ಬೇರೆ ಅಂಗಾಂಶಗಳಲ್ಲಿ ಕೋಶದೊಳಗೆ ಸಂಕೇತ ಸಾಗಿಸುವ ಪಿಐ3 ಕೈನೇಸ್ ಕಿಣ್ವದ ಐಸೋಫಾರ್ಮ್‌ಗಳು (ಪಿ110 ಆಲ್ಫಾ, ಪಿ110 ಡೆಲ್ಟಾ ಮುಂತಾದ ಹತ್ತಿರದ ರೂಪಗಳು) ಎಷ್ಟೆಷ್ಟು ಪ್ರಮಾಣದಲ್ಲಿವೆ ಎಂಬುದನ್ನು ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ಪ್ರತಿಕಾಯದಿಂದ ಗುರುತಿಸಿ ಪಟ್ಟಿಯಾಗಿ ತೋರಿಸುವ ವಿಧಾನ) ಮೂಲಕ ಹೋಲಿಸುತ್ತಿದ್ದೇನೆ. ಪಿ110 ಆಲ್ಫಾ ನಿರೀಕ್ಷೆಯಂತೆ ಎಲ್ಲ ಅಂಗಾಂಶಗಳಲ್ಲೂ ಕಾಣುತ್ತಿದೆ. ಪಿ110 ಡೆಲ್ಟಾ ಮುಖ್ಯವಾಗಿ ಬಿಳಿ ರಕ್ತಕಣಗಳ ಕಿಣ್ವವೆಂದು ಓದಿದ್ದೇನೆ, ಗುಲ್ಮದಲ್ಲಿ ಅದರ ಪಟ್ಟಿ ದಟ್ಟವಾಗಿಯೇ ಬಂದಿದೆ. ಆದರೆ ಶ್ವಾಸಕೋಶದಲ್ಲಿಯೂ ಸ್ಪಷ್ಟವಾದ ಪಟ್ಟಿಯಿದ್ದು, ಯಕೃತ್ತಿನಲ್ಲಿ ತೆಳುವಾದದ್ದೊಂದು ಕಾಣುತ್ತದೆ. ಇದನ್ನು ಆ ಅಂಗಗಳ ಸ್ವಂತ ಕೋಶಗಳೇ ತಯಾರಿಸುತ್ತಿವೆ ಎಂದು ಬರೆಯಬಹುದೇ? ಇನ್ನೆರಡು ತೊಡಕುಗಳಿವೆ: ಹೋಲಿಕೆಗೆ ಆಧಾರವಾಗಿ ಬಳಸುವ ಜಿಎಪಿಡಿಎಚ್ ಪ್ರೋಟೀನಿನ ಪ್ರಮಾಣದಿಂದ ಭಾಗಿಸಿದಾಗ ಸ್ನಾಯುವಿನ ಎಲ್ಲ ಮೌಲ್ಯಗಳೂ ಅಸಹಜವಾಗಿ ಕುಸಿಯುತ್ತವೆ, ಮತ್ತು ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಕೆಯ ಸಂದೇಶ) ಮಟ್ಟಕ್ಕೂ ಪ್ರೋಟೀನಿನ ಮಟ್ಟಕ್ಕೂ ತಾಳೆಯಾಗುವುದಿಲ್ಲ.

ಉತ್ತರ 1 — ರೋಗನಿರೋಧ ಶಾಸ್ತ್ರದ ಅಧ್ಯಾಪಕ

ಈಗ ಇರುವ ಪುರಾವೆಯಿಂದ ಹಾಗೆ ಬರೆಯಲಾಗದು. ಅಂಗವನ್ನು ಇಡಿಯಾಗಿ ಅರೆದಾಗ ಅದರೊಳಗಿನ ಎಲ್ಲ ಬಗೆಯ ಕೋಶಗಳೂ ಒಂದೇ ಸಾರದಲ್ಲಿ ಬೆರೆತುಹೋಗುತ್ತವೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳು ಕಾಯಂ ಆಗಿ ನೆಲೆಸಿರುತ್ತವೆ, ಅಲ್ಲಿನ ಲೋಮನಾಳಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ದೊಡ್ಡ ಸಂಖ್ಯೆಯಲ್ಲಿ ತಂಗಿರುತ್ತವೆ, ಯಕೃತ್ತಿನಲ್ಲಿ ಕುಫರ್ ಕೋಶಗಳೆಂಬ ಮ್ಯಾಕ್ರೋಫೇಜ್‌ಗಳಿವೆ. ನಿಮ್ಮ ಪಟ್ಟಿಗೆ ಇವುಗಳೇ ಕಾರಣವಾಗಿರುವ ಸಾಧ್ಯತೆ ಹೆಚ್ಚು.

ಮೊದಲು ಲವಣದ್ರಾವಣ ಹಾಯಿಸಿ ಅಂಗದೊಳಗಿನ ರಕ್ತವನ್ನು ತೊಳೆಯಿರಿ. ಇದರಿಂದ ರಕ್ತದಲ್ಲಿ ಹರಿಯುವ ಕಣಗಳು ಹೋಗುತ್ತವೆಯೇ ಹೊರತು ಅಂಗಾಂಶದಲ್ಲಿ ನೆಲೆಸಿರುವ ಮ್ಯಾಕ್ರೋಫೇಜ್‌ಗಳು ಹೋಗುವುದಿಲ್ಲ. ಆದ್ದರಿಂದ ಕೋಶಗಳನ್ನು ಬಿಡಿಸಿ, ಬಿಳಿ ರಕ್ತಕಣಗಳ ಗುರುತಾದ ಸಿಡಿ45 ಪ್ರೋಟೀನ್ ಇರುವವು ಮತ್ತು ಇಲ್ಲದವು ಎಂದು ಬೇರ್ಪಡಿಸಿ, ಎರಡನ್ನೂ ಜೆಲ್‌ನಲ್ಲಿ ಅಕ್ಕಪಕ್ಕದಲ್ಲಿ ಓಡಿಸುವುದು ಹೆಚ್ಚು ನಂಬಿಕೆಯ ಮಾರ್ಗ. ಪಿ110 ಡೆಲ್ಟಾ ವಂಶವಾಹಿ ತೆಗೆದ ಇಲಿಯ ಗುಲ್ಮದ ಸಾರ ದೊರೆತರೆ ಅದನ್ನು ಅದೇ ಜೆಲ್‌ನಲ್ಲಿ ಹಾಕಿ. ಅಲ್ಲಿಯೂ ಪಟ್ಟಿ ಬಂದರೆ ಅನುಮಾನಿಸಬೇಕಾದದ್ದು ಪ್ರತಿಕಾಯವನ್ನು.

ಸಂಬಂಧಪಟ್ಟ ಒಂದು ವಿಷಯ ಹೇಳುತ್ತೇನೆ. ಈ ಐಸೋಫಾರ್ಮ್ ಅನ್ನು ತಡೆಯುವ ಐಡೆಲಾಲಿಸಿಬ್ ಔಷಧಕ್ಕೆ 2014ರಲ್ಲಿ ಅಮೆರಿಕದಲ್ಲಿ ಬಿ ಕೋಶಗಳ ಕ್ಯಾನ್ಸರ್‌ಗಳಿಗಾಗಿ ಅನುಮತಿ ದೊರೆಯಿತು. ಅದರ ಗಂಭೀರ ಅಡ್ಡಪರಿಣಾಮಗಳಲ್ಲಿ ಯಕೃತ್ತಿನ ಹಾನಿಯೂ ಒಂದು. ಹಾಗೆಂದು ಯಕೃತ್ ಕೋಶಗಳಲ್ಲಿ ಆ ಕಿಣ್ವ ಹೇರಳವಾಗಿದೆ ಎಂದು ಅರ್ಥವಲ್ಲ. ನಿಯಂತ್ರಕ ಟಿ ಕೋಶಗಳ ಹಿಡಿತ ಸಡಿಲಗೊಂಡು ರೋಗನಿರೋಧ ವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬೀಳುತ್ತದೆ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ಹಾನಿಯಾಗುವ ಅಂಗ ಮತ್ತು ಕಿಣ್ವವಿರುವ ಕೋಶ ಬೇರೆಬೇರೆಯಾಗಿರಬಹುದು.

ಉತ್ತರ 2 — ಪ್ರೋಟೀನ್ ಪ್ರಯೋಗಾಲಯದವರು

ಜಿಎಪಿಡಿಎಚ್ ಗ್ಲೈಕಾಲಿಸಿಸ್‌ನ, ಅಂದರೆ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವ ಕ್ರಿಯೆಯ ಕಿಣ್ವ. ಸ್ನಾಯುವಿನಲ್ಲಿ ಅದರ ಪ್ರಮಾಣವೇ ಬಹಳ ಹೆಚ್ಚು, ಹೀಗಾಗಿ ಅದರಿಂದ ಭಾಗಿಸಿದರೆ ಸ್ನಾಯುವಿನ ಅಂಕಿಗಳು ಕುಸಿಯಲೇಬೇಕು. ಬೀಟಾ ಆಕ್ಟಿನ್‌ಗೆ ಬದಲಾಯಿಸಿದರೂ ಉಪಯೋಗವಿಲ್ಲ, ಏಕೆಂದರೆ ಬೆಳೆದ ಸ್ನಾಯುವಿನಲ್ಲಿ ಆಲ್ಫಾ ಆಕ್ಟಿನ್‌ನದೇ ಮೇಲುಗೈ. ಬ್ಲಾಟ್‌ನ ಪೊರೆಯನ್ನು ಎಲ್ಲ ಪ್ರೋಟೀನುಗಳಿಗೂ ಬಣ್ಣ ಹಿಡಿಸುವ ಪಾನ್ಸೋ ಎಸ್‌ನಿಂದ ಬಣ್ಣಗೊಳಿಸಿ, ಇಡೀ ಸಾಲಿನ ಒಟ್ಟು ಪ್ರೋಟೀನಿಗೆ ಹೋಲಿಸಿ.

ಉತ್ತರ 3 — ಕೋಶಸಂಕೇತ ಅಧ್ಯಯನ ಮಾಡುವವರು

ಎಂಆರ್‌ಎನ್‌ಎ ತಾಳೆಯಾಗದಿರುವುದಕ್ಕೆ ಈ ಕಿಣ್ವದ ರಚನೆಯಲ್ಲಿಯೇ ಒಂದು ಕಾರಣವಿದೆ. ಆಲ್ಫಾ, ಬೀಟಾ ಮತ್ತು ಡೆಲ್ಟಾ ಪಿ110ಗಳು ಪಿ85 ಬಗೆಯ ನಿಯಂತ್ರಕ ಉಪಘಟಕದೊಂದಿಗೆ ಜೋಡಿಯಾದಾಗ ಮಾತ್ರ ಸ್ಥಿರವಾಗಿ ಉಳಿಯುತ್ತವೆ. ಜೋಡಿಯಿಲ್ಲದ ಪಿ110 ಬೇಗನೆ ನಾಶವಾಗುತ್ತದೆ. ಆದ್ದರಿಂದ ಒಂದು ಅಂಗಾಂಶದಲ್ಲಿ ಎಷ್ಟು ಸಂದೇಶ ತಯಾರಾಯಿತು ಎಂಬುದರಷ್ಟೇ, ಅಲ್ಲಿ ಪಿ85 ಎಷ್ಟಿದೆ ಎಂಬುದೂ ಪ್ರೋಟೀನಿನ ಮಟ್ಟವನ್ನು ತೀರ್ಮಾನಿಸುತ್ತದೆ. ಪಿ85 ಪ್ರತಿಕಾಯವನ್ನೂ ನಿಮ್ಮ ಹೋಲಿಕೆಗೆ ಸೇರಿಸಿಕೊಳ್ಳಿ ಎಂದು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಪ್ರಮಾಣವನ್ನು ಅಳೆದ ಮಾತ್ರಕ್ಕೆ ಕೆಲಸವನ್ನು ಅಳೆದಂತಾಗುವುದಿಲ್ಲ ಎಂಬುದೂ ನೆನಪಿರಲಿ. ಪಿಐ3 ಕೈನೇಸ್‌ನ ಇದೇ ಸಂಕೇತ ಹಾದಿಯಲ್ಲಿ ಮುಂದೆ ಬರುವ ಆಕ್ಟ್ ಕಿಣ್ವವನ್ನು ನೋಡಿ: ಆಕ್ಟ್1 ಇಲ್ಲದ ಇಲಿಗಳು ಗಾತ್ರದಲ್ಲಿ ಚಿಕ್ಕವಾಗಿರುತ್ತವೆ, ಆಕ್ಟ್2 ಇಲ್ಲದವುಗಳಲ್ಲಿ ಮಧುಮೇಹದಂತಹ ಸ್ಥಿತಿ ಕಾಣಿಸಿಕೊಳ್ಳುತ್ತದೆ, ಆಕ್ಟ್3 ಇಲ್ಲದವುಗಳ ಮಿದುಳು ಚಿಕ್ಕದಾಗಿರುತ್ತದೆ. ಆಕ್ಟ್1 ಮತ್ತು ಆಕ್ಟ್2 ಎರಡೂ ಬಹುತೇಕ ಅಂಗಾಂಶಗಳಲ್ಲಿದ್ದರೂ ಒಂದರ ಕೊರತೆಯನ್ನು ಇನ್ನೊಂದು ಪೂರ್ತಿಯಾಗಿ ತುಂಬುವುದಿಲ್ಲ. ಆಕ್ಟ್‌ನ ಸೆರೀನ್ 473 ಎಂಬ ಜಾಗದಲ್ಲಿ ಫಾಸ್ಫೇಟ್ ಎಷ್ಟಿದೆ ಎಂದು ನೋಡಿದರೆ ಹಾದಿ ಎಷ್ಟು ಚುರುಕಾಗಿದೆ ಎಂಬುದು ತಿಳಿಯುತ್ತದೆ. ಆದರೆ ಇಲಿ ಉಪವಾಸವಿತ್ತೋ ಆಹಾರ ತಿಂದಿತ್ತೋ ಎಂಬುದರ ಮೇಲೆ ಆ ಮಟ್ಟ ಏರಿಳಿಯುವುದರಿಂದ, ಎಲ್ಲ ಇಲಿಗಳನ್ನೂ ಒಂದೇ ಸ್ಥಿತಿಯಲ್ಲಿಡಬೇಕು. ಅಂಗವನ್ನು ತೆಗೆದ ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸದಿದ್ದರೆ ಫಾಸ್ಫೇಟ್ ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವಗಳು ಆ ಗುರುತನ್ನು ಅಳಿಸತೊಡಗುತ್ತವೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ರಕ್ತ ತೊಳೆಯುವುದಕ್ಕೆ ಸಮಯ ಹಿಡಿಯುತ್ತದೆ, ಹೆಪ್ಪುಗಟ್ಟಿಸುವುದಕ್ಕೆ ತಡಮಾಡುವಂತಿಲ್ಲ. ಎರಡನ್ನೂ ಒಂದೇ ಇಲಿಯಲ್ಲಿ ಮಾಡುವುದು ಹೇಗೆ?

ಉತ್ತರ 3 — ಕೋಶಸಂಕೇತ ಅಧ್ಯಯನ ಮಾಡುವವರು

ಒಂದೇ ಇಲಿಯಲ್ಲಿ ಮಾಡಲು ಹೋಗಬೇಡಿ. ಪ್ರಮಾಣದ ಹೋಲಿಕೆಗೆ ರಕ್ತ ತೊಳೆದ ಒಂದು ಗುಂಪನ್ನೂ, ಫಾಸ್ಫೇಟ್ ಅಳತೆಗೆ ತೊಳೆಯದೆ ತಕ್ಷಣ ಹೆಪ್ಪುಗಟ್ಟಿಸಿದ ಇನ್ನೊಂದು ಗುಂಪನ್ನೂ ಇಟ್ಟುಕೊಳ್ಳಿ. ಎರಡನೆಯ ಗುಂಪಿನ ಅರೆಯುವ ದ್ರಾವಣಕ್ಕೆ ಫಾಸ್ಫಟೇಸ್ ತಡೆಕಾರಕಗಳನ್ನು ಮೊದಲೇ ಸೇರಿಸಿಡಿ, ಮತ್ತು ಆ ಸಾರದಲ್ಲಿ ರಕ್ತದ ಆಕ್ಟ್ ಕೂಡ ಬೆರೆತಿದೆ ಎಂಬುದನ್ನು ವಿಧಾನದ ವಿವರಣೆಯಲ್ಲಿ ತಪ್ಪದೆ ನಮೂದಿಸಿ.